ಕರುಳು, ದೇಹರಕ್ಷಣೆ, ಮಿದುಳು: ಮೂರು ಶಾಸ್ತ್ರಗಳು ಒಂದುಗೂಡಿದ ಬಗೆ

ವಿಷಯಪ್ರವೇಶ

ಜ್ವರ ಬಂದ ಮನೆಯಲ್ಲಿ ತಾಯಿಯಾದವಳು ಮೂರು ಸಂಗತಿಗಳನ್ನು ಒಟ್ಟಿಗೆ ಕಾಣುತ್ತಾಳೆ. ಮಗುವಿನ ಮೈ ಸುಡುತ್ತದೆ. ಅದು ಅನ್ನವನ್ನು ಒಲ್ಲೆನೆನ್ನುತ್ತದೆ. ಆಟದ ಮೇಲಿನ ಆಸೆಯನ್ನು ಬಿಟ್ಟು ಮೂಲೆ ಸೇರಿ ಮಲಗುತ್ತದೆ. ಪರೀಕ್ಷೆಯ ದಿನ ಬೆಳಿಗ್ಗೆ ಅದೇ ಮಗುವಿಗೆ ಜ್ವರವಿಲ್ಲದೆಯೇ ಹೊಟ್ಟೆ ಕಲಕುತ್ತದೆ. ದೇಹವು ರೋಗದೊಡನೆ ಹೋರಾಡುವಾಗ ಹೊಟ್ಟೆಯೂ ಮನಸ್ಸೂ ಬದಲಾಗುತ್ತವೆ, ಮನಸ್ಸು ಅಂಜಿದಾಗ ಹೊಟ್ಟೆ ಬದಲಾಗುತ್ತದೆ ಎಂಬುದು ಅನುಭವಸ್ಥರಾದ ಗೃಹಸ್ಥರಿಗೆ ಹೊಸತಲ್ಲ.

ಹೀಗಿರಲಾಗಿ, ಇಷ್ಟು ಸ್ಪಷ್ಟವಾದ ಸಂಬಂಧವನ್ನು ಆಧುನಿಕ ವೈದ್ಯಶಾಸ್ತ್ರವು ಇಪ್ಪತ್ತನೆಯ ಶತಮಾನದ ಕೊನೆಯ ಭಾಗದವರೆಗೂ ಸರಿಯಾಗಿ ವಿವರಿಸಲಾರದೆ ಹೋದುದೇಕೆ? ಸಂಬಂಧವು ಮರೆಯಾಗಿತ್ತೆಂಬ ಕಾರಣದಿಂದಲ್ಲ. ಕರುಳನ್ನು ಬಲ್ಲವರು ಒಂದು ವಿಭಾಗದಲ್ಲಿ, ದೇಹದ ರೋಗನಿರೋಧ ಶಕ್ತಿಯನ್ನು ಬಲ್ಲವರು ಇನ್ನೊಂದರಲ್ಲಿ, ಮಿದುಳನ್ನೂ ಮನಸ್ಸನ್ನೂ ಬಲ್ಲವರು ಮತ್ತೊಂದರಲ್ಲಿ ಕುಳಿತಿದ್ದರು. ಸತ್ಯವು ಈ ಮೂರು ಕೊಠಡಿಗಳ ನಡುವಣ ಗೋಡೆಯಲ್ಲಿತ್ತು. ವಸ್ತುವನ್ನು ಒಂದು ಪಾರ್ಶ್ವದಿಂದ ನೋಡುವ ನೋಟಕ್ಕೆ ನಯವೆಂದು ಹೆಸರು. ಇತರ ನಯಗಳಿಗೆ ಎಡೆಗೊಟ್ಟರೆ ಅದು ಸುನಯ. ತಾನೊಂದೇ ಸಂಪೂರ್ಣವೆಂದು ಹಠ ಹಿಡಿದರೆ ದುರ್ನಯ. ಈ ಭೇದವು ಪ್ರಯೋಗಶಾಲೆಗಳಲ್ಲಿಯೂ ಹೇಗೆ ನಿಜವಾಯಿತೆಂಬುದನ್ನು ಈ ಪಾಠದಲ್ಲಿ ಕ್ರಮವಾಗಿ ನೋಡಬಹುದು.

ಇದು ವಿದ್ವಾಂಸರಿಗೆ ಮಾತ್ರ ಸಂಬಂಧಿಸಿದ ವಿಚಾರವಲ್ಲ. ವರ್ಷಗಟ್ಟಲೆ ಹೊಟ್ಟೆನೋವಿನಿಂದ ನರಳುವ ಹೆಣ್ಣುಮಗಳೊಬ್ಬಳು ವೈದ್ಯರಲ್ಲಿಗೆ ಹೋದಾಗ, ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲವೆಂದು ಹೇಳಿಸಿಕೊಂಡು ಮನೆಗೆ ಬರುವುದುಂಟು. ಆಗ ಮನೆಯವರು, ‘ಇದೆಲ್ಲ ಮನಸ್ಸಿನ ಭ್ರಮೆ’ ಎಂದುಬಿಡುತ್ತಾರೆ. ಆ ಮಾತು ಎಷ್ಟರಮಟ್ಟಿಗೆ ಸರಿ, ಎಷ್ಟರಮಟ್ಟಿಗೆ ಅನ್ಯಾಯ ಎಂಬುದನ್ನು ನಿರ್ಣಯಿಸಲು ಮುಂದಿನ ವಿವರಗಳು ಅವಶ್ಯಕ.

ಮೂರು ಅಂಗಗಳ ಪರಿಚಯ

ಮೊದಲನೆಯದು ಕರುಳು. ಅನ್ನನಾಳದಿಂದ ಗುದದ್ವಾರದವರೆಗೆ ಈ ಕೊಳವೆಯ ಗೋಡೆಯೊಳಗೆ ನರಕೋಶಗಳ ಬಲೆಯೊಂದು ಹರಡಿದೆ. ಅದರಲ್ಲಿ ಹತ್ತು ಕೋಟಿಗೂ ಮಿಕ್ಕಿ ನರಕೋಶಗಳಿರುವುದಾಗಿ ಎಣಿಕೆ. 1899ರಲ್ಲಿ ಲಂಡನ್ನಿನ ಬೇಲಿಸ್ ಮತ್ತು ಸ್ಟಾರ್ಲಿಂಗ್ ಎಂಬ ಶರೀರಕ್ರಿಯಾಶಾಸ್ತ್ರಜ್ಞರು, ಹೊರಗಿನ ನರಗಳ ಸಂಪರ್ಕವನ್ನು ಕಡಿದ ಮೇಲೂ ಕರುಳು ತನ್ನೊಳಗಿನ ನರಗಳ ಬಲದಿಂದಲೇ ಆಹಾರವನ್ನು ಮುಂದೂಡುವುದನ್ನು ತೋರಿಸಿಕೊಟ್ಟರು. ಕರುಳು ಮಿದುಳಿನ ಆಜ್ಞೆಗಾಗಿ ಕಾದು ಕುಳಿತ ಆಳಲ್ಲ; ತನ್ನದೇ ಆದ ವಿವೇಚನೆಯುಳ್ಳ ಗುಮಾಸ್ತ. ಆದರೂ ಮಿದುಳಿನೊಡನೆ ಅದಕ್ಕೆ ವೇಗಸ್ ಎಂಬ ಉದ್ದನೆಯ ನರದ ಮೂಲಕ ಸಂಪರ್ಕವುಂಟು. ಈ ನರದ ತಂತುಗಳಲ್ಲಿ ಬಹುಪಾಲು ಮಿದುಳಿನಿಂದ ಕೆಳಕ್ಕೆ ಆಜ್ಞೆಯನ್ನು ತರುವಂಥವಲ್ಲ, ಒಡಲಿನಿಂದ ಮಿದುಳಿಗೆ ವರದಿಯನ್ನು ಒಯ್ಯುವಂಥವು ಎಂಬುದು ಗಮನಾರ್ಹ.

ಎರಡನೆಯದು ರೋಗನಿರೋಧ ವ್ಯವಸ್ಥೆ. ರಕ್ತದ ಬಿಳಿಯ ಕಣಗಳು, ದುಗ್ಧಗ್ರಂಥಿಗಳು, ಗುಲ್ಮ ಮೊದಲಾದವು ಇದರ ಅಂಗಗಳು. ಹೊರಗಿನ ವಸ್ತುವು ಅತಿ ಹೆಚ್ಚಾಗಿ ದೇಹವನ್ನು ಸೋಂಕುವ ಸ್ಥಳ ಕರುಳೇ ಆದ್ದರಿಂದ, ಈ ಕಾವಲು ಪಡೆಯ ದೊಡ್ಡ ಪಾಳಯವು ಕರುಳಿನ ಗೋಡೆಯಲ್ಲಿಯೇ ಇದೆ. ಈ ಕಣಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಸ್ರವಿಸುವ ದ್ರವ್ಯಗಳಿಗೆ ಸೈಟೋಕೈನ್‌ಗಳೆಂದು ಹೆಸರು. ಜ್ವರದಲ್ಲಿ ಹಸಿವು ಅಡಗುವುದಕ್ಕೂ ಮನಸ್ಸು ಮಂಕಾಗುವುದಕ್ಕೂ ಈ ದ್ರವ್ಯಗಳ ಸಂದೇಶವು ಮಿದುಳನ್ನು ಮುಟ್ಟುವುದು ಒಂದು ಮುಖ್ಯ ಕಾರಣವೆಂದು ಈಗ ತಿಳಿದುಬಂದಿದೆ.

ಮೂರನೆಯದು ಮಿದುಳು. ಇದರ ವಿಷಯವಾಗಿ ಹೆಚ್ಚು ಹೇಳಬೇಕಾಗಿಲ್ಲ.

ಈ ಮೂರರ ಜೊತೆಗೆ ನಾಲ್ಕನೆಯ ಒಂದು ಸಮುದಾಯವೂ ಸೇರಿದೆ. ಅದು ಮುಖ್ಯವಾಗಿ ದೊಡ್ಡ ಕರುಳಿನಲ್ಲಿ ನೆಲೆಸಿರುವ ಸೂಕ್ಷ್ಮಜೀವಿಗಳದು. ಮಾನವನ ಸ್ವಂತ ಜೀವಕೋಶಗಳಿಗಿಂತ ಇವು ಹತ್ತು ಪಟ್ಟು ಹೆಚ್ಚೆಂದು ಬಹುಕಾಲ ಪುಸ್ತಕಗಳಲ್ಲಿ ಬರೆಯುತ್ತಿದ್ದರು. 2016ರಲ್ಲಿ ಪ್ರಕಟವಾದ ಎಚ್ಚರಿಕೆಯ ಗಣನೆಯೊಂದು, ವಯಸ್ಕ ಪುರುಷನೊಬ್ಬನಲ್ಲಿ ಜೀವಕೋಶಗಳು ಸುಮಾರು 30 ಲಕ್ಷ ಕೋಟಿ, ಸೂಕ್ಷ್ಮಜೀವಿಗಳು ಸುಮಾರು 38 ಲಕ್ಷ ಕೋಟಿ, ಅಂದರೆ ಹೆಚ್ಚುಕಡಮೆ ಸಮಸಮ ಎಂದು ತಿಳಿಸಿತು. ದೊಡ್ಡವರು ಬರೆದರೆಂಬ ಮಾತ್ರಕ್ಕೆ ಒಂದು ಅಂಕಿಯನ್ನು ದಶಕಗಳ ಕಾಲ ಮರುನುಡಿಯಬಾರದೆಂಬುದಕ್ಕೆ ಇದು ನಿದರ್ಶನ.

ರಾಚೆಸ್ಟರಿನ ಪ್ರಯೋಗ

ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾನಿಲಯದ ರಾಬರ್ಟ್ ಏಡರ್ ಮನಶ್ಶಾಸ್ತ್ರಜ್ಞ. 1970ರ ದಶಕದ ಮೊದಲ ಭಾಗದಲ್ಲಿ ಆತನು ಅಭ್ಯಾಸಬಲವನ್ನು ಕುರಿತು ಇಲಿಗಳ ಮೇಲೆ ಪ್ರಯೋಗ ಮಾಡುತ್ತಿದ್ದನು. ಸ್ಯಾಕರಿನ್ ಬೆರಸಿದ ಸಿಹಿನೀರನ್ನು ಕುಡಿಸಿ, ಒಡನೆಯೇ ಹೊಟ್ಟೆ ತೊಳಸುವ ಮದ್ದೊಂದನ್ನು ಚುಚ್ಚುತ್ತಿದ್ದನು. ಸಂಕಟವನ್ನು ಸಿಹಿಯೊಡನೆ ಜೋಡಿಸಿಕೊಂಡ ಇಲಿಗಳು ಆ ನೀರನ್ನು ಮುಟ್ಟದಾದವು. ಆ ಮೇಲೆ ಮದ್ದನ್ನು ನಿಲ್ಲಿಸಿ ಬರಿಯ ಸಿಹಿನೀರನ್ನೇ ಕೊಡುತ್ತ, ಈ ಅಭ್ಯಾಸ ಎಷ್ಟು ದಿನಕ್ಕೆ ಅಳಿಯುವುದೆಂದು ನೋಡುತ್ತಿದ್ದನು. ಅನಿರೀಕ್ಷಿತವಾಗಿ ಕೆಲವು ಇಲಿಗಳು ಸತ್ತವು. ಹೆಚ್ಚು ಸಿಹಿನೀರು ಕುಡಿದವುಗಳಲ್ಲಿ ಸಾವೂ ಹೆಚ್ಚು.

ಬರಿಯ ಸ್ಯಾಕರಿನ್ ನೀರು ಇಲಿಯನ್ನು ಕೊಲ್ಲುವುದಿಲ್ಲ. ಆದರೆ ಏಡರನು ಬಳಸಿದ್ದ ಮದ್ದು ಸೈಕ್ಲೋಫಾಸ್ಫಮೈಡ್. ಅದು ಹೊಟ್ಟೆಯನ್ನು ತೊಳಸುವುದಷ್ಟೇ ಅಲ್ಲ, ರೋಗನಿರೋಧ ಶಕ್ತಿಯನ್ನೂ ಕುಗ್ಗಿಸುತ್ತದೆ. ಹಾಗಾದರೆ ಇಲಿಯ ದೇಹವು ಓಕರಿಕೆಯನ್ನು ಮಾತ್ರವಲ್ಲದೆ ಆ ಕುಗ್ಗುವಿಕೆಯನ್ನೂ ಕಲಿತುಕೊಂಡು, ಸಿಹಿಯ ರುಚಿ ನಾಲಗೆಗೆ ತಾಗಿದೊಡನೆ ಮದ್ದಿಲ್ಲದೆಯೇ ಅದನ್ನು ಪುನರಾವರ್ತಿಸುತ್ತಿತ್ತೇ? ಆ ಕಾಲದ ರೋಗನಿರೋಧಶಾಸ್ತ್ರದ ಮತದಂತೆ ಇದು ಅಸಂಭವ. ಬಿಳಿಯ ಕಣಗಳು ಮಿದುಳಿನ ಅಂಕೆಗೆ ಒಳಪಡದೆ ತಮ್ಮಷ್ಟಕ್ಕೆ ತಾವೇ ಕೆಲಸ ಮಾಡುತ್ತವೆಂದು ಎಲ್ಲರೂ ನಂಬಿದ್ದರು. ತಾನು ಮನಶ್ಶಾಸ್ತ್ರಜ್ಞನಾಗಿದ್ದು ಅಂಥ ಸಂಬಂಧವಿಲ್ಲವೆಂಬುದನ್ನು ಅರಿಯದೆ ಇದ್ದುದರಿಂದಲೇ ಹೀಗೆ ಯೋಚಿಸಲು ಸ್ವತಂತ್ರನಾದೆನೆಂದು ಏಡರನು ಮುಂದೆ ವಿನೋದವಾಗಿ ಹೇಳಿಕೊಂಡದ್ದುಂಟು.

ಇಲ್ಲಿಂದ ಮುಂದಿನ ನಡೆಯೇ ಪ್ರಕೃತ ಪಾಠದ ತಿರುಳು. ಏಡರನು ತನಗೆ ತೋಚಿದುದನ್ನೇ ಸಿದ್ಧಾಂತವೆಂದು ಸಾರಲಿಲ್ಲ. ಅದೇ ವಿಶ್ವವಿದ್ಯಾನಿಲಯದಲ್ಲಿದ್ದ ರೋಗನಿರೋಧಶಾಸ್ತ್ರಜ್ಞ ನಿಕೊಲಸ್ ಕೋಹೆನ್‌ನ ಸಹಾಯವನ್ನು ಪಡೆದನು. ಇಲಿಗೆ ಅಭ್ಯಾಸ ಕಲಿಸುವುದು ಏಡರನ ವಿದ್ಯೆ; ರಕ್ತದಲ್ಲಿ ಪ್ರತಿಕಾಯಗಳನ್ನು ಅಳೆಯುವುದು ಕೋಹೆನ್‌ನ ವಿದ್ಯೆ. ಒಬ್ಬನಿಂದಲೇ ಈ ಪ್ರಯೋಗ ಸಾಧ್ಯವಿರಲಿಲ್ಲ. ಇಬ್ಬರೂ ಕೂಡಿ ಇಲಿಗಳನ್ನು ಗುಂಪುಗಳಾಗಿ ವಿಂಗಡಿಸಿದರು. ಅಭ್ಯಾಸವಾದ ಮೇಲೆ ಮತ್ತೆ ಸಿಹಿನೀರು ಪಡೆದವು, ಅಭ್ಯಾಸವಾಗಿಯೂ ಸಿಹಿನೀರು ಪಡೆಯದವು, ಅಭ್ಯಾಸವೇ ಆಗದವು ಎಂದು ಪ್ರತ್ಯೇಕಿಸಿದರು. ಎಲ್ಲಕ್ಕೂ ಕುರಿಯ ಕೆಂಪು ರಕ್ತಕಣಗಳನ್ನು ಚುಚ್ಚಿ, ಅದಕ್ಕೆ ಪ್ರತಿಯಾಗಿ ದೇಹವು ಎಷ್ಟು ಪ್ರತಿಕಾಯಗಳನ್ನು ಹುಟ್ಟಿಸುವುದೆಂದು ಅಳೆದರು. ಅಭ್ಯಾಸವಾಗಿ ಮತ್ತೆ ಸಿಹಿನೀರನ್ನು ಕುಡಿದ ಗುಂಪಿನಲ್ಲಿ ಪ್ರತಿಕಾಯಗಳು ಕಡಮೆಯಾಗಿದ್ದವು. 1975ರಲ್ಲಿ ಇದು ಪ್ರಕಟವಾಯಿತು. ನಾಲಗೆಯ ರುಚಿ, ಹೊಟ್ಟೆಯ ಸಂಕಟ, ಮಿದುಳಿನ ಕಲಿಕೆ, ರಕ್ತದ ರಕ್ಷಣೆ ಇವೆಲ್ಲ ಒಂದೇ ಪ್ರಯೋಗದ ಸೂತ್ರದಲ್ಲಿ ಪೋಣಿಸಲ್ಪಟ್ಟವು.

ಪಂಡಿತರು ಒಪ್ಪಿದರೇ? ಅನೇಕರು ಒಪ್ಪಲಿಲ್ಲ. ಮಿದುಳಿನ ಸಂದೇಶವು ಬಿಳಿಯ ಕಣಗಳನ್ನು ಮುಟ್ಟುವ ದಾರಿ ಯಾವುದೆಂದು ಕೇಳಿದರು. ಈ ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಬಂದುದು ಮೂರನೆಯ ಶಾಸ್ತ್ರದವನಿಂದ. ಡೇವಿಡ್ ಫೆಲ್ಟನ್ ಎಂಬ ನರರಚನಾಶಾಸ್ತ್ರಜ್ಞನು 1980ರ ದಶಕದಲ್ಲಿ ಗುಲ್ಮವೇ ಮೊದಲಾದ ಅಂಗಗಳನ್ನು ಸೂಕ್ಷ್ಮದರ್ಶಕದಲ್ಲಿ ಪರಿಶೀಲಿಸಿ, ನರತಂತುಗಳು ರಕ್ಷಣಾಕೋಶಗಳ ನಡುವೆಯೇ ಬಂದು ನಿಲ್ಲುವುದನ್ನು ತೋರಿಸಿದನು. ಏಡರನು 1981ರಲ್ಲಿ ಈ ಹೊಸ ಶಾಸ್ತ್ರಕ್ಕೆ ಸೈಕೋನ್ಯೂರೋಇಮ್ಯುನಾಲಜಿ ಎಂಬ ಹೆಸರಿನಲ್ಲಿಯೇ ಗ್ರಂಥವೊಂದನ್ನು ಸಂಪಾದಿಸಿದ್ದನು. ಅದರ 1991ರ ಎರಡನೆಯ ಆವೃತ್ತಿಗೆ ಏಡರ್, ಫೆಲ್ಟನ್, ಕೋಹೆನ್ ಮೂವರೂ ಸಂಪಾದಕರು. ಮನಸ್ಸನ್ನು ಬಲ್ಲವನು, ನರವನ್ನು ಬಲ್ಲವನು, ರಕ್ತವನ್ನು ಬಲ್ಲವನು ಒಂದೇ ಪುಟದಲ್ಲಿ ಹೆಸರಿಟ್ಟರು. 2000ದಲ್ಲಿ ನ್ಯೂಯಾರ್ಕ್ ಪ್ರಾಂತ್ಯದ ಕೆವಿನ್ ಟ್ರೇಸಿ ಎಂಬ ಮಿದುಳಿನ ಶಸ್ತ್ರವೈದ್ಯನೂ ಅವನ ಸಂಗಡಿಗರೂ, ವೇಗಸ್ ನರವನ್ನು ವಿದ್ಯುತ್ತಿನಿಂದ ಪ್ರಚೋದಿಸಿದರೆ ಪ್ರಾಣಿಗಳಲ್ಲಿ ಉರಿಯೂತವು ತಗ್ಗುವುದೆಂದು ತೋರಿಸಿದಾಗ, ದಾರಿಯು ಇನ್ನಷ್ಟು ಸ್ಪಷ್ಟವಾಯಿತು.

ಪರ್ತ್ ನಗರದ ಎಚ್ಚರಿಕೆ

ಇಷ್ಟನ್ನು ಓದಿದವರು, ‘ಹಾಗಾದರೆ ಹೊಟ್ಟೆಯ ರೋಗಕ್ಕೆಲ್ಲ ಮನಸ್ಸೇ ಮೂಲ’ ಎಂದು ತೀರ್ಮಾನಿಸುವ ಸಂಭವವಿದೆ. ಅದು ಮತ್ತೊಂದು ಏಕಾಂತ. ಜಠರದ ಹುಣ್ಣಿಗೆ ಚಿಂತೆಯೂ ಆಮ್ಲವೂ ಕಾರಣವೆಂದು ಬಹುಕಾಲ ವೈದ್ಯರು ನಂಬಿದ್ದರು. ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ರಾಬಿನ್ ವಾರನ್ ಎಂಬ ರೋಗಲಕ್ಷಣಶಾಸ್ತ್ರಜ್ಞನು 1979ರಲ್ಲಿ ಜಠರದ ಒಳಪೊರೆಯ ಚೂರಿನಲ್ಲಿ ಬಾಗಿದ ಆಕಾರದ ಸೂಕ್ಷ್ಮಜೀವಿಗಳನ್ನು ಕಂಡನು. ಆಮ್ಲ ತುಂಬಿದ ಜಠರದಲ್ಲಿ ಜೀವಿಗಳು ಬದುಕಲಾರವೆಂಬ ನಂಬಿಕೆ ಇದ್ದುದರಿಂದ ಅವನ ಮಾತಿಗೆ ಕಿವಿಗೊಟ್ಟವರು ವಿರಳ. 1981ರಲ್ಲಿ ಬ್ಯಾರಿ ಮಾರ್ಷಲ್ ಎಂಬ ತರುಣ ವೈದ್ಯನು ಅವನೊಡನೆ ಸೇರಿದನು. ಒಬ್ಬನಲ್ಲಿ ಸೂಕ್ಷ್ಮದರ್ಶಕವಿತ್ತು, ಇನ್ನೊಬ್ಬನಲ್ಲಿ ರೋಗಿಗಳ ಪರಿಚಯವಿತ್ತು.

1982ರಲ್ಲಿ ಈಸ್ಟರ್ ಹಬ್ಬದ ರಜೆಯ ಕಾರಣದಿಂದ ಪ್ರಯೋಗದ ತಟ್ಟೆಗಳು ವಾಡಿಕೆಗಿಂತ ಹೆಚ್ಚು ದಿನ ಉಳಿದುವು. ನಿಧಾನವಾಗಿ ಬೆಳೆಯುವ ಆ ಜೀವಿಗಳು ಆಗ ಕಣ್ಣಿಗೆ ಬಿದ್ದವು. 1984ರಲ್ಲಿ ಮಾರ್ಷಲ್ ತಾನೇ ಅವುಗಳನ್ನು ಕುಡಿದು ಜಠರದ ಉರಿಯೂತಕ್ಕೆ ಒಳಗಾಗಿ ಸಂಬಂಧವನ್ನು ತೋರಿಸಿದನು. ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಆ ಜೀವಿಯೇ ಜಠರದ ಬಹುಪಾಲು ಹುಣ್ಣುಗಳಿಗೆ ಕಾರಣವೆಂಬುದು ಕ್ರಮೇಣ ಸಿದ್ಧವಾಯಿತು. 2005ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕ ದೊರೆಯಿತು. ‘ಚಿಂತೆ ಬಿಡು, ಹುಣ್ಣು ಮಾಯುತ್ತದೆ’ ಎಂಬ ಉಪದೇಶವನ್ನು ಕೇಳಿ ನೊಂದ ರೋಗಿಗಳೆಷ್ಟೋ. ರಾಚೆಸ್ಟರಿನಲ್ಲಿ ಮನಸ್ಸನ್ನು ಹೊರಗಿಟ್ಟುದು ತಪ್ಪಾಗಿತ್ತು. ಪರ್ತ್‌ನಲ್ಲಿ ಮನಸ್ಸನ್ನೇ ಮುಂದಿಟ್ಟುದು ತಪ್ಪಾಗಿತ್ತು. ಎರಡು ತಪ್ಪುಗಳನ್ನೂ ತಿದ್ದಿದ್ದು ಬೇರೆ ಬೇರೆ ವಿದ್ಯೆಯವರ ಕೂಡುದುಡಿಮೆ.

ಫುಕುವೋಕಾದಿಂದ ಕಾರ್ಕ್‌ಗೆ

ಕರುಳಿನ ನಿರಪಾಯ ಜೀವಿಗಳಿಗೂ ಮಿದುಳಿಗೂ ಸಂಬಂಧವಿದೆಯೇ ಎಂಬುದು ಮುಂದಿನ ಪ್ರಶ್ನೆ. ಜಪಾನಿನ ಫುಕುವೋಕಾ ನಗರದ ಕ್ಯೂಷು ವಿಶ್ವವಿದ್ಯಾನಿಲಯದಲ್ಲಿ ನೊಬುಯುಕಿ ಸುಡೊ ಮತ್ತು ಸಂಗಡಿಗರು 2004ರಲ್ಲಿ ಒಂದು ಮುಖ್ಯ ಫಲಿತಾಂಶವನ್ನು ಪ್ರಕಟಿಸಿದರು. ಹುಟ್ಟಿದಂದಿನಿಂದ ಯಾವ ಸೂಕ್ಷ್ಮಜೀವಿಯೂ ಸೋಂಕದಂತೆ ಸಾಕಿದ ಇಲಿಗಳನ್ನು ಅಲ್ಪಕಾಲ ಅಲುಗಾಡದಂತೆ ಬಂಧಿಸಿದಾಗ, ಅವುಗಳ ರಕ್ತದಲ್ಲಿ ಭಯದ ಕಾಲಕ್ಕೆ ಸ್ರವಿಸುವ ಹಾರ್ಮೋನುಗಳು ಸಾಮಾನ್ಯ ಇಲಿಗಳಿಗಿಂತ ಹೆಚ್ಚಾಗಿ ಏರಿದುವು. ಬಿಫಿಡೋಬ್ಯಾಕ್ಟೀರಿಯಂ ಜಾತಿಯ ಒಂದು ಸೂಕ್ಷ್ಮಜೀವಿಯನ್ನು ಅವುಗಳ ಕರುಳಿಗೆ ಸೇರಿಸಿದಾಗ ಆ ಅತಿರೇಕವು ಇಳಿಯಿತು. ಬೇರೆ ಇಲಿಗಳ ಕರುಳಿನ ಜೀವಿಗಳನ್ನು ಸೇರಿಸಿ ನೋಡಿದಾಗ, ಎಳೆಯ ವಯಸ್ಸಿನಲ್ಲಿ ಮಾಡಿದರೆ ಮಾತ್ರ ತಿದ್ದುಪಡಿ ಕಂಡಿತು, ತಡವಾದರೆ ಫಲವಿಲ್ಲ.

ಅನಂತರ ಐರ್ಲೆಂಡಿನ ಕಾರ್ಕ್ ನಗರದಲ್ಲಿ ಜಾನ್ ಕ್ರಯನ್ ಎಂಬ ನರವಿಜ್ಞಾನಿಯೂ ಟೆಡ್ ಡೈನನ್ ಎಂಬ ಮನೋವೈದ್ಯನೂ, ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾನಿಲಯದ ಜಾನ್ ಬೀನೆನ್‌ಸ್ಟಾಕ್ ಎಂಬ ರೋಗನಿರೋಧಶಾಸ್ತ್ರಜ್ಞನೂ ಕೂಡಿದರು. ಲ್ಯಾಕ್ಟೋಬ್ಯಾಸಿಲಸ್ ಜಾತಿಯ ಒಂದು ಜೀವಿಯನ್ನು ಇಲಿಗಳಿಗೆ ಉಣಿಸಿದಾಗ ಅವುಗಳ ಅಂಜಿಕೆ ತಗ್ಗಿತು. ವೇಗಸ್ ನರವನ್ನು ಕತ್ತರಿಸಿದ ಇಲಿಗಳಲ್ಲಿ ಈ ಪರಿಣಾಮ ಕಾಣಲಿಲ್ಲ. ಸಂದೇಶವು ಆ ನರದ ಮೂಲಕವೇ ಹೋಗುತ್ತದೆಂಬುದಕ್ಕೆ ಇದು ಬಲವಾದ ಸಾಕ್ಷ್ಯ. 2011ರಲ್ಲಿ ಇದು ಪ್ರಕಟವಾದಾಗ ಲೋಕದಲ್ಲೆಲ್ಲ ಸುದ್ದಿಯಾಯಿತು.

ಮುಂದೆ ನಡೆದುದು ಅಷ್ಟು ಸುದ್ದಿಯಾಗಲಿಲ್ಲ; ಆದರೆ ಕಲಿಯಬೇಕಾದ ಪಾಠ ಅದರಲ್ಲಿಯೇ ಇದೆ. ಅದೇ ಕಾರ್ಕ್ ತಂಡವು ಅದೇ ಜೀವಿಯನ್ನು 29 ಮಂದಿ ಆರೋಗ್ಯವಂತ ಪುರುಷರಿಗೆ ಕೊಟ್ಟು ಪರೀಕ್ಷಿಸಿತು. ಅವರ ಮಾನಸಿಕ ಒತ್ತಡದಲ್ಲಾಗಲಿ ಜ್ಞಾಪಕಶಕ್ತಿಯಲ್ಲಾಗಲಿ ಹುಸಿಮಾತ್ರೆಗಿಂತ ಹೆಚ್ಚಿನ ಗುಣ ಕಾಣಲಿಲ್ಲ. ಇಲಿಯಲ್ಲಿ ಕಂಡುದು ಮನುಷ್ಯನಲ್ಲಿ ಕಾಣಲಿಲ್ಲವೆಂದು ಅವರೇ 2017ರಲ್ಲಿ ಪ್ರಕಟಿಸಿದರು. ತಮ್ಮ ಕೀರ್ತಿಗೆ ಕಾರಣವಾದ ವಿಚಾರದ ಮಿತಿಯನ್ನು ತಾವೇ ಸಾರುವುದು ಸತ್ಯವ್ರತಕ್ಕೆ ಸಮೀಪವಾದ ನಡೆ. ಇಂದು ಅಂಗಡಿಗಳಲ್ಲಿ ‘ಮನಶ್ಶಾಂತಿಗೆ’ ಎಂದು ಮಾರುವ ಪುಡಿ ಮಾತ್ರೆಗಳ ಡಬ್ಬಿಯನ್ನು ಕೊಳ್ಳುವ ಮುನ್ನ ಗೃಹಸ್ಥರು ಈ 29 ಮಂದಿಯನ್ನು ನೆನೆಯುವುದು ಒಳಿತು.

ವಾಕರ್‌ಟನ್ನಿನ ರೋಗಿಗಳು

ಈಗ ಮೊದಲಿನ ಪ್ರಶ್ನೆಗೆ ಮರಳಬೇಕು. ಪರೀಕ್ಷೆಯಲ್ಲಿ ಏನೂ ಕಾಣದ ಹೊಟ್ಟೆನೋವು ಭ್ರಮೆಯೇ?

ಕೆನಡಾದ ಆಂಟಾರಿಯೋ ಪ್ರಾಂತ್ಯದ ವಾಕರ್‌ಟನ್ ಎಂಬ ಚಿಕ್ಕ ಊರಿನಲ್ಲಿ 2000ದ ಮೇ ತಿಂಗಳಲ್ಲಿ ಭಾರೀ ಮಳೆ ಸುರಿದು, ದನದ ಗೊಬ್ಬರದ ಕಲ್ಮಷವು ಊರಿನ ಕುಡಿಯುವ ನೀರಿನ ಬಾವಿಯನ್ನು ಸೇರಿತು. 2,300ಕ್ಕೂ ಹೆಚ್ಚು ಜನರು ವಾಂತಿಭೇದಿಯಿಂದ ಕಾಯಿಲೆ ಬಿದ್ದರು. ಏಳು ಮಂದಿ ತೀರಿಕೊಂಡರು. ಕರುಳಿನ ವೈದ್ಯರೂ ರೋಗಗಣನೆಯ ತಜ್ಞರೂ ಕೂಡಿ ಆ ಊರಿನ ಜನರನ್ನು ವರ್ಷಗಳ ಕಾಲ ಪರಿಶೀಲಿಸಿದರು. ಎರಡು ಮೂರು ವರ್ಷಗಳ ಅನಂತರವೂ, ಆಗ ವೈದ್ಯರು ಗುರುತಿಸಿದ ಸೋಂಕಿಗೆ ಗುರಿಯಾಗಿದ್ದವರಲ್ಲಿ ನೂರಕ್ಕೆ ಸುಮಾರು 36 ಮಂದಿಗೆ ಆಗಾಗ ಹೊಟ್ಟೆನೋವು, ಮಲಪ್ರವೃತ್ತಿಯ ವ್ಯತ್ಯಾಸ ಇತ್ಯಾದಿ ತೊಂದರೆಗಳಿದ್ದುವು. ಸೋಂಕದೆ ಉಳಿದವರಲ್ಲಿ ಅಂಥವರು ನೂರಕ್ಕೆ ಸುಮಾರು 10. ಇರಿಟಬಲ್ ಬವೆಲ್ ಸಿಂಡ್ರೋಮ್ ಎಂದು ವೈದ್ಯರು ಕರೆಯುವ, ಅಂದರೆ ಕರುಳು ಸುಲಭವಾಗಿ ಕೆರಳುವ ಸ್ಥಿತಿ ಇದೇ. ಕಲ್ಮಷವು ಹೋಗಿ ವರ್ಷಗಳಾಗಿದ್ದರೂ ನೋವು ಉಳಿದಿತ್ತು.

ಹಾಗಾದರೆ ಮನಸ್ಸಿಗೆ ಇಲ್ಲಿ ಪಾಲಿಲ್ಲವೇ? ಅದೂ ಉಂಟು. ಇಂಗ್ಲೆಂಡಿನ ಶೆಫೀಲ್ಡ್ ನಗರದಲ್ಲಿ ಕರುಳಿನ ಸೋಂಕಿನಿಂದ ಆಸ್ಪತ್ರೆ ಸೇರಿದವರನ್ನು ಅಧ್ಯಯನ ಮಾಡಿ 1999ರಲ್ಲಿ ಪ್ರಕಟಿಸಿದ ವರದಿಯಲ್ಲಿ ಎರಡು ಸಂಗತಿಗಳು ಒಟ್ಟಿಗೆ ಕಂಡುಬಂದುವು. ತೊಂದರೆ ಉಳಿದುಕೊಂಡವರಲ್ಲಿ ಸೋಂಕಿನ ಕಾಲದ ಆತಂಕ ಮತ್ತು ಜೀವನದ ಕಷ್ಟಗಳು ಹೆಚ್ಚಾಗಿದ್ದುವು; ಅವರ ಕರುಳಿನ ಪೊರೆಯಲ್ಲಿ ಉರಿಯೂತದ ಕಣಗಳೂ ತಿಂಗಳುಗಳ ಮೇಲೆ ಹೆಚ್ಚಾಗಿಯೇ ಉಳಿದಿದ್ದುವು. ಮನೋವೈದ್ಯನ ಪ್ರಶ್ನಾವಳಿಯನ್ನು ಮಾತ್ರ ನೋಡಿದವನು ‘ಮನಸ್ಸು’ ಎನ್ನುತ್ತಿದ್ದನು. ಸೂಕ್ಷ್ಮದರ್ಶಕವನ್ನು ಮಾತ್ರ ನೋಡಿದವನು ‘ಉರಿಯೂತ’ ಎನ್ನುತ್ತಿದ್ದನು. ಒಬ್ಬನೇ ರೋಗಿಯಲ್ಲಿ ಎರಡನ್ನೂ ನೋಡಿದಾಗ ಎರಡೂ ಸತ್ಯವೆಂದು ತಿಳಿಯಿತು. ಆದುದರಿಂದ ಮನೆಯ ಹೆಣ್ಣುಮಗಳ ನೋವನ್ನು ಭ್ರಮೆಯೆನ್ನುವುದು ಅಜ್ಞಾನ. ಆಕೆಯ ಚಿಂತೆಯನ್ನು ಕೇಳದೆ ಮಾತ್ರೆಯನ್ನಷ್ಟೇ ಕೊಡಿಸುವುದೂ ಅರ್ಧ ಚಿಕಿತ್ಸೆಯೇ.

ಕೂಡಿ ದುಡಿಯುವ ಕ್ರಮ

ಮೇಲಿನ ಉದಾಹರಣೆಗಳಿಂದ ಕೂಡುದುಡಿಮೆಯ ನಿಯಮಗಳನ್ನು ಕ್ರಮಪಡಿಸಬಹುದು.

ಒಂದು: ಪ್ರಶ್ನೆಯು ಒಂದೇ ಆಗಿರಬೇಕು. ಹಲವು ವಿಭಾಗದವರು ಒಂದೇ ಕಟ್ಟಡದಲ್ಲಿ ಕುಳಿತ ಮಾತ್ರಕ್ಕೆ ಸಹಯೋಗವಾಗುವುದಿಲ್ಲ. ಏಡರ್ ಮತ್ತು ಕೋಹೆನ್‌ರನ್ನು ಕೂಡಿಸಿದ್ದು ‘ಇಲಿ ಏಕೆ ಸತ್ತಿತು?’ ಎಂಬ ಪ್ರಶ್ನೆ.

ಎರಡು: ಶಬ್ದಗಳ ಅರ್ಥವನ್ನು ಮೊದಲೇ ನಿಶ್ಚಯಿಸಿಕೊಳ್ಳಬೇಕು. ಮನಶ್ಶಾಸ್ತ್ರಜ್ಞನು ‘ಸ್ಮೃತಿ’ ಎಂದರೆ ಹಿಂದಿನ ಅನುಭವದ ನೆನಪು. ರೋಗನಿರೋಧಶಾಸ್ತ್ರಜ್ಞನು ಅದೇ ಪದವನ್ನು, ಒಮ್ಮೆ ಬಂದ ರೋಗಾಣುವನ್ನು ರಕ್ತಕಣವು ಮರೆಯದಿರುವ ಗುಣಕ್ಕೆ ಬಳಸುತ್ತಾನೆ. ಒತ್ತಡ, ಸಹನೆ ಮೊದಲಾದ ಪದಗಳದ್ದೂ ಇದೇ ಪಾಡು. ಅರ್ಥವನ್ನು ಹಂಚಿಕೊಳ್ಳದೆ ಪದವನ್ನು ಮಾತ್ರ ಹಂಚಿಕೊಂಡರೆ, ಒಪ್ಪಿಗೆಯಾದಂತೆ ತೋರುತ್ತದೆ, ಆಗಿರುವುದಿಲ್ಲ.

ಮೂರು: ಹೋಲಿಕೆಯ ಗುಂಪುಗಳೂ ಅಳತೆಯ ವಿಧಾನವೂ ಪ್ರಯೋಗಕ್ಕೆ ಮುನ್ನವೇ ಎಲ್ಲರ ಒಪ್ಪಿಗೆಯಿಂದ ನಿರ್ಧಾರವಾಗಬೇಕು. ಗಣಿತಜ್ಞನನ್ನು ಕೊನೆಗೆ ಲೆಕ್ಕ ಹಾಕಲು ಕರೆಯದೆ ಆರಂಭದಲ್ಲಿಯೇ ಕೂರಿಸಿಕೊಳ್ಳಬೇಕು.

ನಾಲ್ಕು: ಒಬ್ಬನ ಆಕ್ಷೇಪವು ಇನ್ನೊಬ್ಬನಿಗೆ ಅವಮಾನವಾಗಬಾರದು. ‘ದಾರಿ ಯಾವುದು?’ ಎಂದು ವಿರೋಧಿಗಳು ಕೇಳದೆ ಇದ್ದಿದ್ದರೆ ಫೆಲ್ಟನ್ನನ ಶೋಧಕ್ಕೆ ಅಷ್ಟು ಬೆಲೆ ಬರುತ್ತಿರಲಿಲ್ಲ.

ಐದು: ಫಲಿಸದ ಪ್ರಯೋಗವನ್ನೂ ಪ್ರಕಟಿಸಬೇಕು. ಕಾರ್ಕ್ ತಂಡವು ಇದಕ್ಕೆ ಮೇಲ್ಪಂಕ್ತಿ.

ಆರು: ರೋಗಿಯ ಮಾತಿಗೂ ಸಾಕ್ಷ್ಯದ ಸ್ಥಾನ ಕೊಡಬೇಕು. ವಾಕರ್‌ಟನ್ನಿನ ಜನರ ದೂರನ್ನು ಕೇಳಿ ಬರೆದುಕೊಂಡದ್ದರಿಂದಲೇ ಆ ಸತ್ಯವು ಹೊರಬಂದಿತು.

ಜೀವದಯೆಯ ಪ್ರಶ್ನೆ

ಈ ಜ್ಞಾನದ ಬಹುಭಾಗವು ಇಲಿಗಳ ನೋವಿನ ಮೇಲೆ ನಿಂತಿದೆಯೆಂಬುದನ್ನು ವಾಚಕರು ಗಮನಿಸಿರುತ್ತಾರೆ. ಅದನ್ನು ಮರೆಮಾಚುವುದು ಸರಿಯಲ್ಲ. ವಿಜ್ಞಾನಿಗಳಲ್ಲಿಯೂ ಈ ಅಳುಕು ಇಲ್ಲದಿಲ್ಲ. 1959ರಲ್ಲಿ ಬ್ರಿಟನ್ನಿನ ರಸೆಲ್ ಮತ್ತು ಬರ್ಚ್ ಎಂಬವರು, ಸಾಧ್ಯವಾದೆಡೆ ಪ್ರಾಣಿಗೆ ಬದಲಾಗಿ ಬೇರೆ ವಿಧಾನವನ್ನು ಬಳಸುವುದು, ಬಳಸಲೇಬೇಕಾದಲ್ಲಿ ಸಂಖ್ಯೆಯನ್ನು ಕುಗ್ಗಿಸುವುದು, ನೋವು ಕಡಮೆಯಾಗುವಂತೆ ವಿಧಾನವನ್ನು ತಿದ್ದುವುದು ಎಂಬ ಮೂರು ಸೂತ್ರಗಳನ್ನು ಮುಂದಿಟ್ಟರು. ಭಾರತದ 1960ರ ಪ್ರಾಣಿಹಿಂಸೆ ತಡೆಯ ಕಾಯಿದೆಯು ಇಂಥ ಪ್ರಯೋಗಗಳ ಮೇಲ್ವಿಚಾರಣೆಗೆ ಸಮಿತಿಯೊಂದನ್ನು ರಚಿಸಲು ಅವಕಾಶ ಕಲ್ಪಿಸಿದೆ. ಅಮೆರಿಕವು 2022ರ ಡಿಸೆಂಬರಿನಲ್ಲಿ, ಹೊಸ ಔಷಧಿಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸಲೇಬೇಕೆಂಬ ಕಾನೂನಿನ ಕಡ್ಡಾಯವನ್ನು ತೆಗೆದುಹಾಕಿತು. ಮನುಷ್ಯರ ಜೀವಕೋಶಗಳಿಂದಲೇ ಗಾಜಿನ ತಟ್ಟೆಯಲ್ಲಿ ಕರುಳಿನ ಚಿಕ್ಕ ತುಣುಕುಗಳನ್ನು ಬೆಳೆಸಿ ಪರೀಕ್ಷಿಸುವ ವಿದ್ಯೆಯೂ ಬೆಳೆಯುತ್ತಿದೆ. ಇಲಿಯಲ್ಲಿ ಕಂಡುದು ಮನುಷ್ಯನಲ್ಲಿ ಕಾಣದಿದ್ದ ಕಾರ್ಕ್‌ನ ಅನುಭವವನ್ನು ನೆನೆದರೆ, ಈ ಹಾದಿಯು ದಯೆಗೆ ಮಾತ್ರವಲ್ಲದೆ ಸತ್ಯಕ್ಕೂ ಹತ್ತಿರವಾದೀತು.

ಉಪವಾಸಿಗಳು ತಿಳಿಯತಕ್ಕದ್ದು

ಉಪವಾಸದ ದಿನ ಕರುಳು ಸುಮ್ಮನೆ ಮಲಗಿರುತ್ತದೆಂದು ಹಲವರ ಎಣಿಕೆ. ಅದು ಹಾಗಲ್ಲ. ಹೊಟ್ಟೆ ಬರಿದಾಗಿರುವಾಗ ಸುಮಾರು ಒಂದೂವರೆ ಎರಡು ಗಂಟೆಗೊಮ್ಮೆ ಜಠರದಿಂದ ಸಣ್ಣ ಕರುಳಿನ ಕೊನೆಯವರೆಗೆ ಸಂಕೋಚನದ ಅಲೆಯೊಂದು ಹರಿದು, ಉಳಿದ ಕಣಗಳನ್ನೂ ಸೂಕ್ಷ್ಮಜೀವಿಗಳನ್ನೂ ಗುಡಿಸಿಕೊಂಡು ಹೋಗುತ್ತದೆ. ಹಸಿದ ಹೊಟ್ಟೆ ಗುಡುಗುಡು ಎನ್ನುವುದು ಬಹುಮಟ್ಟಿಗೆ ಈ ಗುಡಿಸುವಿಕೆಯ ಸದ್ದು. ಒಂದು ತುತ್ತು ಬಿದ್ದೊಡನೆ ಈ ಕಾರ್ಯ ನಿಲ್ಲುತ್ತದೆ. ಮಿದುಳಿನ ವಿಷಯವನ್ನು ಹೇಳುವುದಾದರೆ, ದೀರ್ಘಕಾಲ ಅನ್ನವಿಲ್ಲದಾಗ ಅದು ಸಕ್ಕರೆಗೆ ಬದಲಾಗಿ ಕೊಬ್ಬಿನಿಂದ ಹುಟ್ಟುವ ಕೀಟೋನ್ ದ್ರವ್ಯಗಳನ್ನು ಬಹುಪಾಲು ಇಂಧನವಾಗಿ ಬಳಸುತ್ತದೆಂದು ಬಾಸ್ಟನ್ನಿನ ಓವೆನ್, ಕ್ಯಾಹಿಲ್ ಮೊದಲಾದವರು 1967ರಲ್ಲಿ ತೋರಿಸಿದರು.

ಈ ಸಂಗತಿಗಳು ದೇಹದ ವ್ಯಾಪಾರವನ್ನು ತಿಳಿಸುತ್ತವೆ. ವ್ರತದ ಫಲವನ್ನು ಅಳೆಯುವುದಿಲ್ಲ. ಅಳೆಯುವುದು ಅವುಗಳ ಕೆಲಸವೂ ಅಲ್ಲ. ಪ್ರಯೋಗಶಾಲೆಯ ಪ್ರಮಾಣಪತ್ರವನ್ನು ವ್ರತಕ್ಕೆ ಅಂಟಿಸಲು ಹೊರಡುವುದು ಎರಡು ನಯಗಳನ್ನು ಕಲಸಿದಂತೆ. ಆದರೆ ದೇಹದ ನಯವನ್ನು ಕಡೆಗಣಿಸುವುದೂ ತರವಲ್ಲ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು, ಗರ್ಭಿಣಿಯರು, ವೃದ್ಧರು, ಕರುಳಿನ ದೀರ್ಘ ವ್ಯಾಧಿಯುಳ್ಳವರು ಉಪವಾಸಕ್ಕೆ ಮುನ್ನ ವೈದ್ಯರ ಸಲಹೆಯನ್ನು ಪಡೆಯತಕ್ಕದ್ದು. ಶಕ್ತಿಯನ್ನು ಮರೆಮಾಚದೆ, ಶಕ್ತಿಯನ್ನು ಮೀರದೆ ತಪವನ್ನು ಕೈಕೊಳ್ಳಬೇಕೆಂಬ ವಿವೇಕವು ಮನೆಯ ಹಿರಿಯರಿಗೆ ತಿಳಿದದ್ದೇ ಆಗಿದೆ.

ಉಪಸಂಹಾರ

ಕರುಳು, ರಕ್ತ, ಮಿದುಳು ಎಂಬ ಭೇದವು ಕಲಿಯುವ ಅನುಕೂಲಕ್ಕಾಗಿ ಮನುಷ್ಯನು ಮಾಡಿಕೊಂಡದ್ದು. ದೇಹದಲ್ಲಿ ಅವು ಎಂದೂ ಬೇರೆಯಾಗಿರಲಿಲ್ಲ. ಬೇರೆಯಾಗಿದ್ದವರು ಅವುಗಳನ್ನು ಕಲಿಯುವವರು. ತನ್ನ ವಿದ್ಯೆಯ ಎಲ್ಲೆಯನ್ನು ಒಪ್ಪಿಕೊಂಡು ನೆರೆಯವನ ಬಾಗಿಲನ್ನು ತಟ್ಟಿದವನಿಂದಲೇ ಇಲ್ಲಿ ಜ್ಞಾನವು ಮುಂದೆ ಸಾಗಿತು. ಮನೆಯಲ್ಲಿ ನೋವೆಂದು ಒಬ್ಬರು ಹೇಳಿದಾಗ, ‘ನನಗೆ ಕಾಣುತ್ತಿಲ್ಲ’ ಎಂಬುದಕ್ಕೂ ‘ಅದು ಇಲ್ಲ’ ಎಂಬುದಕ್ಕೂ ಇರುವ ಅಂತರವನ್ನು ನೆನಪಿಟ್ಟರೆ, ಈ ಪಾಠವನ್ನು ಓದಿದ್ದು ಸಾರ್ಥಕ.

ಮನನಕ್ಕಾಗಿ ಪ್ರಶ್ನೆಗಳು

1. ಏಡರನ ಪ್ರಯೋಗಕ್ಕೆ ಕೋಹೆನ್‌ನ ನೆರವು ಏಕೆ ಅವಶ್ಯಕವಾಯಿತು?
2. ರಾಚೆಸ್ಟರ್ ಮತ್ತು ಪರ್ತ್ ನಗರಗಳ ಶೋಧಗಳು ಒಂದಕ್ಕೊಂದು ವಿರುದ್ಧವೇ? ಕಾರಣ ಕೊಡಿ.
3. ಕಾರ್ಕ್ ತಂಡವು 2017ರಲ್ಲಿ ಪ್ರಕಟಿಸಿದ ಫಲಿತಾಂಶದಿಂದ ಗೃಹಸ್ಥರು ಕಲಿಯಬೇಕಾದುದೇನು?
4. ‘ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ, ಆದ್ದರಿಂದ ನೋವಿಲ್ಲ’ ಎಂಬ ಮಾತಿನ ದೋಷವನ್ನು ವಾಕರ್‌ಟನ್ ಮತ್ತು ಶೆಫೀಲ್ಡ್ ನಿದರ್ಶನಗಳಿಂದ ವಿವರಿಸಿ.
5. ಉಪವಾಸದ ಕಾಲದಲ್ಲಿ ಕರುಳಿನಲ್ಲಿ ನಡೆಯುವ ಕಾರ್ಯವನ್ನು ಮನೆಯ ಮಕ್ಕಳಿಗೆ ತಿಳಿಯುವಂತೆ ಹೇಳಿ.